ಕಾಡೇ ಜಗತ್ತಾದವರು

ಕನ್ನಡದಲ್ಲಿ ‘ಕಾಡು’ ಎಂದ ಕೂಡಲೇ ಅದರ ಬೆನ್ನಿಗೇ ‘ನಾಡು’ ಎಂಬ ಮಾತೂ ಬರುತ್ತದೆ. ಒಂದು ಆಚೆಯದು, ಇನ್ನೊಂದು ಈಚೆಯದು. ಕಾಡುಪ್ರಾಣಿ ಬೇರೆ, ಸಾಕುಪ್ರಾಣಿ ಬೇರೆ. ‘ಕಾಡುಮನುಷ್ಯ’ ಎಂದರಂತೂ ಬೈಗುಳವೇ. ಇನ್ನು ‘ಭೂಮಿ’ ಎಂಬ ಶಬ್ದವನ್ನು ನೋಡಿ. ರೈತ ಉಳುವ ಎರಡೆಕರೆಯೂ ಭೂಮಿ, ಸೂರ್ಯನನ್ನು ಸುತ್ತುವ ಗ್ರಹವೂ ಭೂಮಿ. ಇಂಗ್ಲಿಷಿನ ‘ಅರ್ತ್’ ಕೂಡ ಹಾಗೆಯೇ. ನಮ್ಮ ಜಗತ್ತು ಯಾವುದರಿಂದ ಆಗಿದೆ ಎಂದು ಕೇಳಿದರೆ ಭಾಷೆಯೇ ಉತ್ತರ ಕೊಡುತ್ತದೆ: ಮಣ್ಣಿನಿಂದ.

ಕಾಡಿಗೂ ಜಗತ್ತಿಗೂ ಒಂದೇ ಶಬ್ದ ಇರುವ ಜನರು ಹೇಗಿದ್ದಾರು? ಅವರ ಮನೆ ಹೇಗಿದ್ದೀತು, ಜಗಳ ಹೇಗಿದ್ದೀತು, ನಿದ್ದೆ ಹೇಗಿದ್ದೀತು? ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (1929-2018) ಅಂಥದೊಂದು ಜನಾಂಗವನ್ನು ಕಲ್ಪಿಸಿಕೊಂಡರು. ಗ್ರಹದ ಹೆಸರು ಅಥ್‌ಶೆ. ಅಲ್ಲಿನ ಭಾಷೆಯಲ್ಲಿ ‘ಅಥ್‌ಶೆ’ ಎಂದರೆ ಕಾಡು; ‘ಅಥ್‌ಶೆ’ ಎಂದರೆ ಜಗತ್ತು. ಈ ಜನರ ಕಥೆ ‘ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ ಎಂಬ ಕಿರುಕಾದಂಬರಿಯಾಗಿ 1972ರಲ್ಲಿ ಒಂದು ಸಂಕಲನದಲ್ಲಿ ಬೆಳಕು ಕಂಡಿತು. 1973ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಪಡೆಯಿತು. 1976ರಲ್ಲಿ ಪ್ರತ್ಯೇಕ ಪುಸ್ತಕವಾಯಿತು. ಲೇಖಕಿ ಇಟ್ಟಿದ್ದ ಹೆಸರು ‘ಪುಟ್ಟ ಹಸಿರು ಮನುಷ್ಯರು’ ಎಂಬರ್ಥದ್ದು. ಅದನ್ನು ಬದಲಿಸಿದವರು ಸಂಕಲನದ ಸಂಪಾದಕ ಹಾರ್ಲನ್ ಎಲಿಸನ್. ಲೇಖಕಿ ಅರೆಮನಸ್ಸಿನಿಂದ ಒಪ್ಪಿಕೊಂಡರಂತೆ. ಒಪ್ಪಿದ್ದು ಒಳ್ಳೆಯದೇ ಆಯಿತು.

ಕಾಲ್ಪನಿಕ ಜನರ ಬಗ್ಗೆ ಬರೆಯುವುದು ಸುಲಭ ಎಂದು ಅನೇಕರು ಭಾವಿಸುತ್ತಾರೆ. ಕಿವಿ ಚೂಪು ಮಾಡಿ, ಬಿಲ್ಲು ಬಾಣ ಕೊಟ್ಟು, ಮರದ ಮೇಲೊಂದು ಮನೆ ಕಟ್ಟಿದರೆ ಆಯಿತು! ಲೆ ಗ್ವಿನ್ ಹಾಗೆ ಮಾಡಲಿಲ್ಲ. ಅವರ ತಂದೆ ಆಲ್‌ಫ್ರೆಡ್ ಕ್ರೋಬರ್ ಅಮೆರಿಕದ ಹೆಸರಾಂತ ಮಾನವಶಾಸ್ತ್ರಜ್ಞರು. 1911ರಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್ ಎಂಬ ಊರಿಗೆ ಹಸಿದು ಬಳಲಿ ಬಂದ ‘ಇಶಿ’ ಎಂಬಾತನ ಭಾಷೆ, ಆಚಾರಗಳನ್ನು ದಾಖಲಿಸಿದವರಲ್ಲಿ ಅವರೂ ಒಬ್ಬರು. ಇಶಿ ತನ್ನ ಯಾಹಿ ಬುಡಕಟ್ಟಿನಲ್ಲಿ ಉಳಿದಿದ್ದ ಕೊನೆಯ ವ್ಯಕ್ತಿ. ಉಳಿದವರು ಚಿನ್ನ ಹುಡುಕಿ ಬಂದ ವಲಸಿಗರ ಕಾಲದ ಹತ್ಯೆಗಳಲ್ಲಿ, ಹಸಿವಿನಲ್ಲಿ, ರೋಗದಲ್ಲಿ ಮುಗಿದಿದ್ದರು. 1916ರಲ್ಲಿ ಕ್ಷಯದಿಂದ ಅವನೂ ತೀರಿಕೊಂಡ. ಅವನ ಜೀವನ ಚರಿತ್ರೆಯನ್ನು 1961ರಲ್ಲಿ ಬರೆದವರು ಲೆ ಗ್ವಿನ್‌ರ ತಾಯಿ ಥಿಯೊಡೊರಾ ಕ್ರೋಬರ್. ಇಂಥ ಮನೆಯಲ್ಲಿ ಬೆಳೆದವರಿಗೆ ಒಂದು ಜನಾಂಗ ಎಂದರೆ ವೇಷಭೂಷಣವಲ್ಲ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೇರುಗಳ ನಡುವೆ ಮನೆ

ಅಥ್‌ಶೆ ಗ್ರಹದಲ್ಲಿ ಎಲ್ಲಿ ನೋಡಿದರೂ ಕಡಲು. ಕಡಲ ನಡುವೆ ದ್ವೀಪಗಳು. ದ್ವೀಪದ ತುಂಬ, ನೀರಿನ ಅಂಚಿನವರೆಗೂ ಕಾಡು. ಭೂಮಿಯಿಂದ ದೂರ 27 ಜ್ಯೋತಿರ್ವರ್ಷ. ಜನರು ಸುಮಾರು ಒಂದು ಮೀಟರ್ ಎತ್ತರದವರು, ಅಂದರೆ ನಮ್ಮ ಮೂರು ನಾಲ್ಕು ವರ್ಷದ ಮಗುವಿನಷ್ಟು. ಮೈತುಂಬ ಹಸಿರು ಕೂದಲು. ಆದರೂ ಅವರು ಮನುಷ್ಯರೇ. ಕಥೆಯ ಪ್ರಕಾರ ಹೈನ್ ಎಂಬ ಗ್ರಹದ ಪ್ರಾಚೀನರು ಬಹಳ ಹಿಂದೆ ಭೂಮಿಯಲ್ಲೂ ಅಥ್‌ಶೆಯಲ್ಲೂ ಮನುಷ್ಯ ಸಂತತಿಯನ್ನು ಬಿತ್ತಿದ್ದರು. ಆದ್ದರಿಂದಲೇ ಅಲ್ಲಿನ ಮರಗಳೂ ಓಕ್, ಬರ್ಚ್, ಪೈನ್‌ಗಳೇ. ಜೀವವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಹುಬ್ಬೇರಿಸಬಹುದು. ಕಥೆಗಾರ್ತಿ ಕೇಳಿಕೊಳ್ಳುವ ರಿಯಾಯಿತಿ ಇದೊಂದೇ, ಕೊಟ್ಟುಬಿಡುವುದು ವಾಸಿ.

ಅವರ ಊರನ್ನು ಹೊರಗಿನವರು ಪಕ್ಕದಲ್ಲೇ ಹಾದುಹೋದರೂ ಗುರುತಿಸಲಾರರು. ಮನೆಗಳು ಮುಕ್ಕಾಲು ಪಾಲು ನೆಲದೊಳಗೆ, ಮರಗಳ ಬೇರುಗಳ ನಡುವಿನ ಜಾಗದಲ್ಲಿ. ತೊಲೆಗಳ ಮಾಡಿನ ಮೇಲೆ ಕಡ್ಡಿ, ಪೈನ್ ಎಲೆ, ಜೊಂಡು, ಎಲೆಗೊಬ್ಬರದ ಮಣ್ಣು. ಮಳೆ ಒಳಗಿಳಿಯದು, ಬಿಸಿಯೂ ಚಳಿಯೂ ನಾಟದು. ಮನೆ ಕಟ್ಟಲು ಮರಗಳ ನಡುವೆ ಜಾಗ ಹುಡುಕುತ್ತಾರೆಯೇ ಹೊರತು ಜಾಗಕ್ಕಾಗಿ ಮರ ತೆಗೆಯುವುದಿಲ್ಲ. ಎಲ್ಲಿಯೂ ದೂರದ ನೋಟ ಇಲ್ಲ. ಬೆಳಕು ಸೋಸಿ ಸೋಸಿ ಬೀಳುತ್ತದೆ. ದಾರಿ ಎಂದೂ ನೇರವಲ್ಲ. ಭೂಮಿಯಿಂದ ಬಂದವರಿಗೆ ಇದು ಉಸಿರು ಕಟ್ಟಿಸುತ್ತದೆ, ಅಥ್‌ಶೆಯವರಿಗೆ ಬಯಲು ಎಂದರೆ ಗಾಯ.

ಊರಿನ ಆಡಳಿತ ಅಜ್ಜಿಯರದು! ಮುಖ್ಯಸ್ಥೆಯರಾಗಿ ವಯಸ್ಸಾದ ಹೆಂಗಸರೇ ಇರುತ್ತಾರೆ. ಏನು ಮಾಡಬೇಕು, ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬ ತೀರ್ಮಾನ ಅವರದು. ಗಂಡಸರದು ಚಿಂತನೆಯ ಕೆಲಸ. ಅವರಿಗೊಂದು ಮಂಟಪವಿರುತ್ತದೆ, ಅಲ್ಲಿ ಕುಳಿತು ಅವರು ಕನಸು ಕಾಣುತ್ತಾರೆ. ಕಾಡಹರಟೆ ಹೊಡೆಯುವ ಕಟ್ಟೆ ಎಂದು ತಿಳಿಯಬೇಡಿ. ಕನಸು ಕಾಣುವುದು ಅಲ್ಲಿ ವರ್ಷಗಟ್ಟಲೆ ಅಭ್ಯಾಸ ಬೇಕಾದ ವಿದ್ಯೆ. ಆ ವಿದ್ಯೆಯಲ್ಲಿ ಪಳಗಿದವರು ‘ಮಹಾಸ್ವಪ್ನಿಗರು’. ಅವರು ಕಂಡದ್ದನ್ನು ಹೇಳುತ್ತಾರೆ, ಅಜ್ಜಿಯರು ಆಗುಹೋಗು ನೋಡುತ್ತಾರೆ. ಯಾವುದು ಸರಿ ಯಾವುದು ತಪ್ಪು ಎಂಬುದು ಇಬ್ಬರ ಮಾತುಕತೆಯಿಂದ ಹುಟ್ಟಬೇಕು.

ಹಾಗಾದರೆ ಜಗಳವೇ ಇಲ್ಲವೇ? ಇದೆ. ಆದರೆ ಕೈ ಮಿಲಾಯಿಸುವ ಬದಲು ಹಾಡಿನಲ್ಲಿ ಪಂದ್ಯ ಕಟ್ಟುತ್ತಾರೆ. ಗೆದ್ದವನ ಸಿಟ್ಟೂ ಇಳಿಯುತ್ತದೆ, ಸೋತವನದೂ ಇಳಿಯುತ್ತದೆ. ಮಾತು ಮೀರಿ ಹೊಡೆದಾಟದ ಹಂತ ಬಂದರೆ ಒಬ್ಬ ಅಂಗಾತ ಮಲಗಿಬಿಡುತ್ತಾನೆ. ಹಾಗೆ ಮಲಗಿದವನ ಮೇಲೆ ಎದುರಾಳಿಯ ಕೈ ಏಳುವುದಿಲ್ಲ. ಪ್ರಾಣಿ ವರ್ತನೆಯನ್ನು ಓದಿದವರಿಗೆ ಇದು ಹೊಸದಲ್ಲ. ಸೋತ ತೋಳ ಅಥವಾ ನಾಯಿ ನೆಲಕ್ಕುರುಳಿ ಹೊಟ್ಟೆ ತೋರಿಸುವುದನ್ನು ಬೀದಿಯಲ್ಲೇ ನೋಡಬಹುದು. ಒಟ್ಟಿನಲ್ಲಿ ಆ ಗ್ರಹದಲ್ಲಿ ಕೊಲೆ ಎಂಬುದು ಇಲ್ಲವೆನ್ನುವಷ್ಟು ಅಪರೂಪ.

ಎಚ್ಚರದಲ್ಲೂ ಕನಸು

ಪುಸ್ತಕದ ಜೀವಾಳ ಇರುವುದು ಇಲ್ಲಿ. ಅಥ್‌ಶೆಯವರು ನಮ್ಮಂತೆ ರಾತ್ರಿಯಿಡೀ ಒಂದೇ ಬಾರಿಗೆ ನಿದ್ದೆ ಮಾಡುವುದಿಲ್ಲ. ಹಗಲೂ ರಾತ್ರಿಯೂ ಸ್ವಲ್ಪ ಸ್ವಲ್ಪ ಹೊತ್ತು ಮಲಗುತ್ತಾರೆ. ನಡುರಾತ್ರಿಯಲ್ಲೂ ಊರಿನಲ್ಲಿ ಅರ್ಧ ಜನ ಓಡಾಡುತ್ತಿರುತ್ತಾರೆ. ಪಳಗಿದವರು ಎಚ್ಚರವಿದ್ದಾಗಲೇ ಕನಸಿಗೆ ಇಳಿಯಬಲ್ಲರು, ಬೇಕಾದ ಕಡೆ ಅದನ್ನು ತಿರುಗಿಸಬಲ್ಲರು. ಅವರಿಗೆ ಎರಡು ಕಾಲಗಳು: ಕನಸಿನ ಕಾಲ, ಲೋಕದ ಕಾಲ. ಎರಡೂ ನಿಜ. ಒಂದು ಕಾಲಿನ ಮೇಲೆ ನಿಂತವನು ಬೀಳುವಂತೆ, ಬರೀ ಲೋಕದ ಕಾಲದಲ್ಲಿ ಇರುವವನ ಬುದ್ಧಿ ಸ್ಥಿಮಿತದಲ್ಲಿ ಇರಲಾರದು ಎಂಬುದು ಅವರ ನಂಬಿಕೆ. ಹಾಗಾಗಿ ಭೂಮಿಯವರನ್ನು ನೋಡಿ ಅವರಿಗೆ ಸಂದೇಹ: ಇವರಿಗೆಲ್ಲ ಹುಚ್ಚು ಹಿಡಿದಿದೆಯೇ?

ಇದೆಲ್ಲ ಬರೀ ಕಲ್ಪನೆಯೇ? ಪೂರ್ತಿ ಅಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಯೂಜಿನ್ ಅಸೆರಿನ್‌ಸ್ಕಿ ಎಂಬ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನ ತಲೆಗೆ ತಂತಿ ಅಂಟಿಸಿ, ಅವನು ಮಲಗಿದ್ದಾಗ ಕಣ್ಣಿನ ಚಲನೆಯನ್ನು ಯಂತ್ರದಲ್ಲಿ ದಾಖಲಿಸಿದ. ಗಾಢ ನಿದ್ದೆಯಲ್ಲಿದ್ದ ಹುಡುಗನ ಕಣ್ಣುಗುಡ್ಡೆಗಳು ನಡುನಡುವೆ ಸರಸರನೆ ಓಡಾಡುತ್ತಿದ್ದವು! ಯಂತ್ರ ಕೆಟ್ಟಿದೆಯೇನೋ ಎಂಬ ಅನುಮಾನ ಮೊದಲು ಬಂತು. ಕೆಟ್ಟಿರಲಿಲ್ಲ. 1953ರಲ್ಲಿ ಅವನೂ ಅವನ ಗುರು ನಥಾನಿಯಲ್ ಕ್ಲೈಟ್‌ಮನ್ನರೂ ಈ ಶೋಧವನ್ನು ಪ್ರಕಟಿಸಿದರು. ಇದೇ ‘ರೆಮ್’ ನಿದ್ದೆ. ಕಣ್ಣು ಚುರುಕಾಗಿ ಚಲಿಸುವ ನಿದ್ದೆ. ಆಗ ಎಬ್ಬಿಸಿದರೆ ಹೆಚ್ಚಿನವರು ಕನಸು ಕಾಣುತ್ತಿದ್ದೆವು ಎನ್ನುತ್ತಾರೆ. ದೊಡ್ಡವರಲ್ಲಿ ಸುಮಾರು 90 ನಿಮಿಷಕ್ಕೊಮ್ಮೆ ಇದು ಮರುಕಳಿಸುತ್ತದೆ. ಒಟ್ಟು ನಿದ್ದೆಯಲ್ಲಿ ಇದರ ಪಾಲು ಸುಮಾರು ಕಾಲು ಭಾಗ. ಹಸುಗೂಸುಗಳಲ್ಲಿ ಅರ್ಧದಷ್ಟು. ಹಸುಗೂಸು ಹಗಲು ರಾತ್ರಿಯೆನ್ನದೆ ತುಂಡು ತುಂಡಾಗಿ ನಿದ್ದೆ ಮಾಡುವುದನ್ನು ತಾಯಂದಿರಿಗೆ ವಿಜ್ಞಾನಿಗಳು ಹೇಳಿಕೊಡಬೇಕಿಲ್ಲ. ಅಥ್‌ಶೆಯವರು ಆ ಅಭ್ಯಾಸವನ್ನು ಬಿಡದೇ ಬೆಳೆದವರು ಎನ್ನಬಹುದು.

1960ರಲ್ಲಿ ವಿಲಿಯಂ ಡಿಮೆಂಟ್ ಇನ್ನೊಂದು ಪ್ರಯೋಗದ ವರದಿ ಕೊಟ್ಟರು. ಕನಸು ಶುರುವಾಗುತ್ತಿದ್ದಂತೆ ಮಲಗಿದವರನ್ನು ಎಬ್ಬಿಸುತ್ತ ಹೋದರೆ, ಮುಂದಿನ ರಾತ್ರಿಗಳಲ್ಲಿ ಅವರ ಮೆದುಳು ಬಾಕಿ ವಸೂಲು ಮಾಡುವಂತೆ ಹೆಚ್ಚು ಹೊತ್ತು ಕನಸಿನ ನಿದ್ದೆ ಮಾಡುತ್ತಿತ್ತು. ಕಥೆ ಪ್ರಕಟವಾದ ಮೇಲೆ ಇನ್ನೂ ಸ್ವಾರಸ್ಯದ ಸಂಗತಿ ಹೊರಬಿತ್ತು. ಕನಸಿನೊಳಗಿದ್ದೂ ‘ಇದು ಕನಸು’ ಎಂದು ತಿಳಿದಿರುವವರು ಉಂಟು. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಅನಂತರ ಅಮೆರಿಕದ ಸ್ಟೀಫನ್ ಲಬರ್ಜ್ ಅಂಥವರಿಂದ ಕನಸಿನೊಳಗಿನಿಂದಲೇ ಸಂಕೇತ ಪಡೆದರು. ಕನಸು ಶುರುವಾದಾಗ ಕಣ್ಣನ್ನು ಎಡಕ್ಕೂ ಬಲಕ್ಕೂ ಇಂತಿಷ್ಟು ಬಾರಿ ಹೊರಳಿಸಬೇಕೆಂದು ಮೊದಲೇ ಮಾತಾಗಿರುತ್ತಿತ್ತು. ಯಂತ್ರದ ಕಾಗದದ ಮೇಲೆ ಆ ಹೊರಳಾಟ ಲೆಕ್ಕ ತಪ್ಪದೆ ಮೂಡಿತು.

ಮಲೇಷ್ಯಾದ ಮಳೆಕಾಡುಗಳಲ್ಲಿ ಸೆನೊಯ್ ಎಂಬ ಜನರಿದ್ದಾರೆ. ಅವರು ಕನಸನ್ನು ಹತೋಟಿಯಲ್ಲಿಡಲು ಮಕ್ಕಳಿಗೆ ಕಲಿಸುತ್ತಾರೆ, ಆದ್ದರಿಂದಲೇ ಅವರಲ್ಲಿ ಹಿಂಸೆಯಿಲ್ಲ ಎಂದು ಕಿಲ್ಟನ್ ಸ್ಟುವರ್ಟ್ ಎಂಬಾತ 1951ರಲ್ಲಿ ಬರೆದಿದ್ದ. ಮನೋವಿಜ್ಞಾನಿ ಚಾರ್ಲ್ಸ್ ಟಾರ್ಟ್ ಲೆ ಗ್ವಿನ್‌ರನ್ನು, ‘ನಿಮ್ಮ ಅಥ್‌ಶೆಯವರು ಸೆನೊಯ್ ಜನರೇ ತಾನೆ?’ ಎಂಬಂತೆ ವಿಚಾರಿಸಿದರು. ಲೇಖಕಿಗೆ ಆಶ್ಚರ್ಯ; ಆ ಹೆಸರನ್ನೇ ಅವರು ಕೇಳಿರಲಿಲ್ಲ. ಮುಂದೆ ಆ ಜನರ ನಡುವೆ ಇದ್ದು ಬಂದ ಸಂಶೋಧಕರಿಗೆ ಸ್ಟುವರ್ಟ್ ಹೇಳಿದ ಕನಸಿನ ಪಾಠಶಾಲೆ ಎಲ್ಲೂ ಕಾಣಸಿಗಲಿಲ್ಲ. ಕನಸಿಗೆ ಅವರು ಬೆಲೆ ಕೊಡುವುದು ನಿಜ, ಶಾಂತಿಪ್ರಿಯರೆಂಬುದೂ ನಿಜ. ಉಳಿದದ್ದು ಬಹುಮಟ್ಟಿಗೆ ಸ್ಟುವರ್ಟ್ ಹೆಣೆದದ್ದು. ಕಟ್ಟುಕಥೆ ಎಂದು ಹೇಳಿಯೇ ಬರೆದವರೂ, ಸತ್ಯವೆಂದು ಹೇಳಿ ಬರೆದವರೂ ಒಂದೇ ಜಾಗಕ್ಕೆ ಬಂದು ನಿಂತದ್ದು ವಿಚಿತ್ರ.

ಮರ ಕಡಿಯಲು ಬಂದವರು

ಇನ್ನು ಕಥೆಗೆ ಬರೋಣ. ಭೂಮಿಯಲ್ಲಿ ಮರವೇ ಉಳಿದಿಲ್ಲದ ಕಾಲ. ಹಲಗೆಗೆ ಚಿನ್ನಕ್ಕಿಂತ ಹೆಚ್ಚಿನ ಬೆಲೆ. ಹಡಗು ಹಡಗು ಭೂಮಿಯವರು ಅಥ್‌ಶೆಗೆ ಬಂದಿಳಿಯುತ್ತಾರೆ. ಗ್ರಹಕ್ಕೆ ‘ನ್ಯೂ ತಾಹಿತಿ’ ಎಂದು ಹೆಸರಿಡುತ್ತಾರೆ. ಮೊದಲೇ ಒಂದು ಹೆಸರಿದೆಯೇ ಎಂದು ಕೇಳುವುದಿಲ್ಲ. ಹಸಿರು ಜನರನ್ನು ಹಿಡಿದು ಮರ ಕಡಿಯಲು, ಮನೆಗೆಲಸಕ್ಕೆ ಹಚ್ಚುತ್ತಾರೆ. ಕಾಗದದಲ್ಲಿ ಮಾತ್ರ ಅದು ‘ಸ್ವಯಂಪ್ರೇರಿತ ಕಾರ್ಮಿಕ ದಳ’! ಹಗಲಿನಲ್ಲಿ ಕೆಲಸದ ನಡುವೆ ಇವರು ಶೂನ್ಯದಲ್ಲಿ ದೃಷ್ಟಿ ನೆಟ್ಟು ನಿಂತರೆ ಮೈಗಳ್ಳರೆಂದು ಹೊಡೆತ ಬೀಳುತ್ತದೆ. ಕನಸಿಗೆ ಬಿಡುವಿಲ್ಲದೆ ಅವರು ಒಳಗೇ ಕುಸಿಯುತ್ತಿರುವುದು ಯಾರಿಗೂ ತಿಳಿಯುವುದಿಲ್ಲ.

ಮೊದಲು ಬೋಳಿಸಿದ ಒಂದು ದ್ವೀಪದ ಪಾಡನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮರ ಕಡಿದು ಹೊಲ ಮಾಡುವ ಲೆಕ್ಕಾಚಾರ ಅಲ್ಲಿತ್ತು. ಮರ ಹೋಯಿತು, ಹೊಲವಾಗಲಿಲ್ಲ. ಮೇಲ್ಮಣ್ಣನ್ನು ಹಿಡಿದಿದ್ದ ಬೇರುಗಳು ಸತ್ತವು, ಮಳೆ ಮಣ್ಣನ್ನು ಕಡಲಿಗೆ ತಳ್ಳಿತು. ಕಾಡಿನಲ್ಲಿ ಮಳೆಹನಿ ನೇರವಾಗಿ ನೆಲಕ್ಕೆ ಬೀಳುವುದು ಕಡಿಮೆ. ಎಲೆಗೆ ಬಡಿದು, ಕೊಂಬೆಗೆ ಇಳಿದು, ತರಗಿನ ಹಾಸಿನಲ್ಲಿ ಇಂಗುತ್ತದೆ. ತರಗು ಹೋದ ಬರಿನೆಲದ ಮೇಲೆ ಅದೇ ಹನಿ ಸುತ್ತಿಗೆಯಂತೆ ಬಡಿದು ಮಣ್ಣಿನ ಕಣವನ್ನು ಸಡಿಲಿಸುತ್ತದೆ. ಹರಿಯುವ ನೀರಿಗೆ ಉಳಿದ ಕೆಲಸ ಸುಲಭ. ಒಂದು ಅಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಪರಿಸರ ತಜ್ಞ ಎಚ್ಚರಿಸುತ್ತಾನೆ, ಮರ ಸಾಗಿಸುವವರು ನಗುತ್ತಾರೆ.

ಕಥೆ ಬರೆದ ಕಾಲವನ್ನು ನೆನೆದರೆ ಇದರ ಹಿಂದಿನ ಸಿಟ್ಟು ಅರ್ಥವಾಗುತ್ತದೆ. 1968. ಲೆ ಗ್ವಿನ್ ಆಗ ಲಂಡನ್ನಿನಲ್ಲಿದ್ದರು. ಅತ್ತ ವಿಯೆಟ್ನಾಂ ಕಾಡುಗಳಲ್ಲಿ ಅಡಗಿದವರನ್ನು ಹೊರಗೆಳೆಯಲು ಅಮೆರಿಕದ ವಿಮಾನಗಳು ಎಲೆ ಉದುರಿಸುವ ವಿಷ ಸುರಿಯುತ್ತಿದ್ದವು. 1962ರಿಂದ 1971ರವರೆಗೆ ಸುರಿದ ಸಸ್ಯನಾಶಕ 7 ಕೋಟಿ ಲೀಟರಿಗೂ ಹೆಚ್ಚು. ತಮ್ಮ ಊರಿನಲ್ಲಾದರೆ ಯುದ್ಧ ವಿರೋಧಿ ಮೆರವಣಿಗೆಗೆ ಹೋಗುತ್ತಿದ್ದ ಅವರು ಪರದೇಶದಲ್ಲಿ ಕುಳಿತು ಇದನ್ನು ಬರೆದರು. ಹಾಗಾಗಿ ಕಥೆಯಲ್ಲಿ ಉಪದೇಶದ ದನಿ ಸೇರಿಕೊಂಡಿತೆಂದು ಆಮೇಲೆ ಅವರೇ ಒಪ್ಪಿಕೊಂಡಿದ್ದಾರೆ. ಖಳನಾಯಕ ಕ್ಯಾಪ್ಟನ್ ಡೇವಿಡ್‌ಸನ್ ತಲೆಯಿಂದ ಕಾಲಿನವರೆಗೂ ಕೆಟ್ಟವನು. ಅಂಥವನು ಕಥೆಯಲ್ಲಷ್ಟೇ ಸಿಗುವುದು. ಮರ ಕಡಿಸುವವರು ಸಾಮಾನ್ಯವಾಗಿ ಸಜ್ಜನರಂತೆಯೇ ಇರುತ್ತಾರೆ. ಅಷ್ಟರಮಟ್ಟಿಗೆ ಪುಸ್ತಕಕ್ಕೆ ಕುಂದು.

ಕನಸಿನ ದಾರಿಯಲ್ಲಿ ಬಂದ ಕೊಲೆ

ಹಸಿರು ಜನರಲ್ಲಿ ಸೆಲ್ವರ್ ಎಂಬಾತ. ಭೂಮಿಯವರ ತಂಡದ ಮಾನವಶಾಸ್ತ್ರಜ್ಞ ರಾಜ್ ಲ್ಯೂಬೊವ್‌ಗೆ ಇವನ ಸ್ನೇಹ. ಒಬ್ಬರ ಭಾಷೆ ಇನ್ನೊಬ್ಬರು ಕಲಿಯುತ್ತಾರೆ. ಸೆಲ್ವರನ ಹೆಂಡತಿ ಥೆಲೆ ಡೇವಿಡ್‌ಸನ್ನನ ದೌರ್ಜನ್ಯಕ್ಕೆ ಸಿಕ್ಕಿ ಸಾಯುತ್ತಾಳೆ. ಆ ದುಃಖದಲ್ಲಿ ಸೆಲ್ವರ್ ಹಿಂದೆ ಯಾರೂ ಕಾಣದ ಕನಸನ್ನು ಕಾಣುತ್ತಾನೆ: ಕೊಲ್ಲುವ ಕನಸು.

ಲೆ ಗ್ವಿನ್‌ರ ನಿಜವಾದ ಜಾಣ್ಮೆ ಇರುವುದು ಇಲ್ಲಿ. ಮಾಮೂಲು ಕಥೆಯಲ್ಲಾದರೆ ಮುಗ್ಧ ಜನರು ಸಿಟ್ಟಿಗೆದ್ದು ಕತ್ತಿ ಹಿಡಿಯುತ್ತಾರೆ, ಅಷ್ಟೆ. ಇಲ್ಲಿ ಕೊಲೆ ಬರುವುದು ಆ ಜನರ ಪದ್ಧತಿಯ ದಾರಿಯಲ್ಲೇ. ಅವರ ಸಮಾಜಕ್ಕೆ ಹೊಸದು ಏನೇ ಬಂದರೂ ಕನಸಿನ ಕಾಲದಿಂದ ಲೋಕದ ಕಾಲಕ್ಕೆ ಒಬ್ಬನು ಅದನ್ನು ಹೊತ್ತು ತರಬೇಕು. ಹಾಗೆ ತಂದವನಿಗೆ ‘ಶಾಅಬ್’ ಎಂದು ಹೆಸರು. ಆ ಒಂದೇ ಶಬ್ದಕ್ಕೆ ದೇವರು ಎಂದೂ ಅರ್ಥ, ಭಾಷಾಂತರಕಾರ ಎಂದೂ ಅರ್ಥ! ಅರಣ್ಯದ ಊರೊಂದಕ್ಕೆ ಗಾಯಗೊಂಡು ಬಂದ ಸೆಲ್ವರನನ್ನು ಕಂಡ ವೃದ್ಧ ಸ್ವಪ್ನಿಗ ಕೋರೊ ಮೇನಾ ಇವನು ದೇವರೆಂದು ಗುರುತಿಸುತ್ತಾನೆ. ಸಂತೋಷದಿಂದಲ್ಲ, ಭಯದಿಂದ. ಅವನ ತಂಗಿ, ಊರಿನ ಮುಖ್ಯಸ್ಥೆ ಎಬೊರ್ ಡೆಂಡೆಪ್, ಬೇರೆ ಊರುಗಳಿಗೆ ಸುದ್ದಿ ಕಳಿಸುತ್ತಾಳೆ. ಸ್ವಪ್ನಿಗರು ಕಂಡರು, ಅಜ್ಜಿಯರು ನಡೆಸಿದರು. ಶಾಂತಿಯನ್ನು ಕಾಪಾಡಿದ್ದ ಅದೇ ವ್ಯವಸ್ಥೆ, ಒಂದು ಕೀಲೂ ಕಳಚದೆ, ಯುದ್ಧವನ್ನೂ ನಡೆಸಿತು. ಒಂದು ಶಿಬಿರದ ಸುಮಾರು 200 ಜನ ಸತ್ತರು. ಆಮೇಲೆ ಮುಖ್ಯ ಠಾಣೆಯ ಮೇಲೆ ದಾಳಿ. ಅಲ್ಲಿ ಹೆಂಗಸರನ್ನೂ ಬಿಡಲಿಲ್ಲ. ಭೂಮಿಯವರು ಇಲ್ಲಿ ಮಕ್ಕಳುಮರಿಯಾಗಿ ಬೇರೂರಬಾರದು ಎಂಬುದು ಲೆಕ್ಕ. ಆ ರಾತ್ರಿ ಲ್ಯೂಬೊವ್ ಕೂಡ ಸತ್ತ.

2009ರ ‘ಅವತಾರ್’ ಚಿತ್ರ ನೋಡಿದ ಮಕ್ಕಳಿಗೆ ಈ ಕಥೆ ಪರಿಚಿತ ಅನ್ನಿಸಬಹುದು. ದೂರದ ಗ್ರಹ, ಕಾಡಿನ ಜನ, ದುರಾಸೆಯ ಮನುಷ್ಯರು, ಕೊನೆಗೆ ಯುದ್ಧ. ಆದರೆ ಚಿತ್ರದಲ್ಲಿ ಗೆಲುವು ಎಂದರೆ ಚಪ್ಪಾಳೆ. ಇಲ್ಲಿ ಗೆದ್ದವರ ಮುಖದಲ್ಲಿ ಕಳೆಯಿಲ್ಲ.

ಇದಕ್ಕೆ ಹತ್ತಿರದ ಒಂದು ಪ್ರಸಂಗ ಆ ಸೆನೊಯ್ ಜನರ ಬದುಕಿನಲ್ಲೇ ನಡೆದಿತ್ತು. 1948ರಿಂದ 1960ರವರೆಗೆ ಮಲಯದ ಕಾಡುಗಳಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳಿಗೂ ಸರ್ಕಾರಕ್ಕೂ ಹೋರಾಟ. 1956ರಲ್ಲಿ ಸರ್ಕಾರ ಕಾಡಿನ ಜನರದೇ ಒಂದು ಪಡೆ ಕಟ್ಟಿತು, ‘ಸೆನೊಯ್ ಪ್ರಾಕ್’ ಎಂದು. ಸೆನೊಯ್ ಪಂಗಡಗಳಲ್ಲೊಂದಾದ ಸೆಮಾಯ್ ಜನರನ್ನು ಕುರಿತು ಮಾನವಶಾಸ್ತ್ರಜ್ಞ ರಾಬರ್ಟ್ ಡೆಂಟನ್ 1968ರಲ್ಲಿ ‘ಅಹಿಂಸಾತ್ಮಕ ಜನ’ ಎಂಬ ವಿಶೇಷಣದೊಡನೆ ಪುಸ್ತಕ ಬರೆದರು. ಆ ಯುದ್ಧದಲ್ಲಿ ಕೆಲವರಿಗೆ ರಕ್ತದ ಅಮಲೇರಿತ್ತು ಎಂಬ ಮಾತೂ ಅದರಲ್ಲಿತ್ತು. ಓದಿದವರು ಪುಸ್ತಕವನ್ನೆಲ್ಲ ಬಿಟ್ಟು ಅದೊಂದನ್ನೇ ಹಿಡಿದುಕೊಂಡರು: ನೋಡಿ, ಶಾಂತರೆಂಬುವರೂ ಒಳಗೆ ಹೀಗೆಯೇ! 1987ರಲ್ಲಿ ಡೆಂಟನ್ನರೇ ಇನ್ನೊಬ್ಬ ಸಂಶೋಧಕರ ಜೊತೆಗೂಡಿ ಅದು ತಪ್ಪು ಅರ್ಥವೆಂದು ಬರೆಯಬೇಕಾಯಿತು. ಸೆಮಾಯ್ ಜನರು ಅವರ ಊರುಗಳಲ್ಲಿ ಮತ್ತೆ ಮೊದಲಿನಂತೆಯೇ ಶಾಂತವಾಗಿ ಬಾಳಿದರು. ಅಂದರೆ ನಿಜವಾದ ಕಾಡಿನ ಜನ ಕಥೆಯ ಜನರಿಗಿಂತ ಗಟ್ಟಿ.

ಕಥೆಯ ಕೊನೆಗೆ ಬರೋಣ. ಭೂಮಿಯಿಂದ ಒಂದು ಮಾತು ಬೆಳಕಿನ ವೇಗದಲ್ಲಿ ಹೊರಟರೂ ಅಥ್‌ಶೆಗೆ ಮುಟ್ಟಲು 27 ವರ್ಷ, ಉತ್ತರ ಸಿಗಲು ಇನ್ನೂ 27. ಮೇಲಧಿಕಾರಿಗಳು 54 ವರ್ಷ ದೂರದಲ್ಲಿರುವಾಗ ಹೇಳುವವರು ಕೇಳುವವರು ಯಾರು? ದಾಳಿಗೆ ಸ್ವಲ್ಪ ಮೊದಲು ಬಂದ ಹಡಗೊಂದು ‘ಆನ್ಸಿಬಲ್’ ಎಂಬ ಯಂತ್ರವನ್ನು ತಂದಿರುತ್ತದೆ. ದೂರ ಎಷ್ಟೇ ಇರಲಿ, ಮಾತು ಕ್ಷಣದಲ್ಲಿ ತಲುಪುತ್ತದೆ. ಐನ್‌ಸ್ಟೈನ್ ಒಪ್ಪುವಂಥದ್ದಲ್ಲ, ಕಥೆಗೆ ಬೇಕಾದದ್ದು. ಭೂಮಿ ಈಗ ಹಲವು ಲೋಕಗಳ ಒಕ್ಕೂಟಕ್ಕೆ ಸೇರಿದೆ, ಹಳೆಯ ಅಪ್ಪಣೆಗಳು ರದ್ದಾಗಿವೆ ಎಂದು ಅದರಿಂದ ತಿಳಿಯುತ್ತದೆ. ಡೇವಿಡ್‌ಸನ್ ಮಾತ್ರ ಯಾವ ಆಜ್ಞೆಗೂ ಬಗ್ಗದೆ ಕಾಡಿನ ಊರುಗಳಿಗೆ ಬೆಂಕಿಯಿಡುತ್ತ, ಕೊನೆಗೆ ಸಿಕ್ಕಿಬೀಳುತ್ತಾನೆ. ಸಿಕ್ಕಾಗ ಅಂಗಾತ ಮಲಗಿಬಿಡುತ್ತಾನೆ! ಹಸಿರು ಜನರ ಕೈ ಏಳುವುದಿಲ್ಲ. ನೀನು ನನಗೆ ಕೊಲೆಯನ್ನು ಕೊಟ್ಟೆ, ನಾನು ನಿನಗೆ ಕೊಲ್ಲದಿರುವುದನ್ನು ಕೊಡುತ್ತೇನೆ ಎಂಬರ್ಥದ ಮಾತು ಹೇಳಿ ಸೆಲ್ವರ್ ಅವನನ್ನು ಆ ಬೋಳು ದ್ವೀಪದಲ್ಲಿ ಒಬ್ಬಂಟಿಯಾಗಿ ಬಿಡಿಸುತ್ತಾನೆ. ಅಲ್ಲಿ ಕಡಿಯಲು ಒಂದು ಮರವೂ ಇಲ್ಲ.

ಕೆಲವು ವರ್ಷಗಳ ನಂತರ, ಉಳಿದ ಭೂಮಿಯವರನ್ನೆಲ್ಲ ಒಯ್ಯಲು ಹಡಗು ಬರುತ್ತದೆ. ಗ್ರಹವನ್ನು ಅದರ ಜನರಿಗೇ ಬಿಟ್ಟುಕೊಡುವುದೆಂದು ತೀರ್ಮಾನವಾಗಿದೆ. ಬಂದವರಲ್ಲಿ ಲೆಪೆನ್ನಾನ್ ಎಂಬ ಬೇರೆ ಲೋಕದ ಹಿರಿಯ ಸೆಲ್ವರನನ್ನು ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಾನೆ. ನಾವು ಹೋದಮೇಲೆ ನಿಮ್ಮವರು ನಿಮ್ಮವರನ್ನೇ ಕೊಂದದ್ದುಂಟೇ? ಸೆಲ್ವರ್ ನೇರ ಉತ್ತರ ಕೊಡುವುದಿಲ್ಲ. ಒಮ್ಮೆ ಲೋಕಕ್ಕೆ ಬಂದದ್ದನ್ನು ಹಿಂದಕ್ಕೆ ಕನಸಿನೊಳಗೆ ಅಟ್ಟಲು ಆಗುವುದಿಲ್ಲ, ಕೊಲ್ಲುವುದು ನಮಗೆ ತಿಳಿಯದು ಎಂದು ಇನ್ನು ನಟಿಸಿ ಫಲವಿಲ್ಲ ಎನ್ನುತ್ತಾನೆ.